ಈ ಕಲ್ಲು ಯಾವ ಊರಿನದು ಹೇಳಿ

ನಮ್ಮ ಗುಂಪಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಊರಿನ ಹೆಸರೇ ಹೆಸರು. ನಾನು ತಿಪಟೂರು. ಉಳಿದವರು ಹಾಸನ, ಸಿರ್ಸಿ, ಕುಂದಾಪುರ ಅಕ್ಕ, ಕಲಬುರಗಿ, ಹುಬ್ಬಳ್ಳಿ, ಹೀಗೆ. ಹೊಸಪೇಟೆಯವರೊಬ್ಬರು ಕೆಲಸಕ್ಕೆ ಹೋಗಿ ಅಲ್ಲೇ ನೆಲೆ ನಿಂತಿದ್ದಾರೆ, ಅವರು ದುಬೈ. ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಆಟ ಆಡುತ್ತಾ ಆಡುತ್ತಾ ಸೇರಿಕೊಂಡ ಹದಿನಾಲ್ಕು ಜನ ನಾವು. 2021ರ ಜುಲೈನಲ್ಲಿ ಆಟ ಬಂದಾಗ ನಾಲ್ಕೇ ಜನ ಇದ್ದೆವು. ಒಂದು ಸ್ಕ್ವಾಡ್‌ಗೆ ಸರಿಯಾಗಿ ಸಾಕು.

2022ರ ಜುಲೈ ಕೊನೆಯಲ್ಲಿ ಆ ಆಟ ಆಪ್ ಸ್ಟೋರ್‌ಗಳಿಂದ ಹೋಯಿತು. ವಾಪಸ್ ಬಂದಿದ್ದು 2023ರ ಮೇ ತಿಂಗಳಲ್ಲಿ. ನಡುವಿನ ಹತ್ತು ತಿಂಗಳಲ್ಲೂ ನಾವು ರಾತ್ರಿ ಒಂಬತ್ತಕ್ಕೆ ವಾಯ್ಸ್ ಚಾನೆಲ್‌ಗೆ ಬಂದು ಕೂರುತ್ತಿದ್ದೆವು. ಸುಮ್ನೆ ಮಾತು. ನಿಮ್ಮ ಕಡೆ ಮಳೆ ಆಯ್ತಾ, ಅಡಿಕೆ ರೇಟ್ ಎಷ್ಟು, ತೊಗರಿ ಹೇಗಿದೆ ಅಂತ. ಅಂಥ ಒಂದು ರಾತ್ರಿ ಸಿರ್ಸಿ ಹುಲೇಕಲ್ ಅಂತ ಒಂದು ಊರಿನ ಹೆಸರು ಹೇಳಿದಳು. ನಮ್ಮಲ್ಲಿ ಯಾರಿಗೂ ಅದು ಎಲ್ಲಿದೆ ಗೊತ್ತಿಲ್ಲ. ಕಲಬುರಗಿ ಶಹಾಬಾದ್ ಅಂದ. ಆ ಊರಿನ ಕಲ್ಲು ನಮ್ಮ ಮನೆಯ ಹಿತ್ತಿಲಲ್ಲಿ ಹಾಸಿದ್ದಾರೆ, ಆದರೆ ಮ್ಯಾಪ್‌ನಲ್ಲಿ ಬೆರಳಿಟ್ಟು ತೋರಿಸು ಅಂದರೆ ನನಗೆ ಬರುತ್ತಿರಲಿಲ್ಲ.

ಇದೇ ನಾವು ಆಟದ ಎರಾಂಗೆಲ್ ಮ್ಯಾಪ್ ಮಾತ್ರ ಕಣ್ಣು ಮುಚ್ಚಿ ಬರೆಯಬಲ್ಲೆವು. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಒಂದು ಇಲ್ಲದ ದ್ವೀಪ. ಅದರ ಪೊಚಿಂಕಿ ಅನ್ನುವ ಊರಿನಲ್ಲಿ ಯಾವ ಮನೆಯ ಕಿಟಕಿಯಿಂದ ರಸ್ತೆ ಕಾಣುತ್ತದೆ, ಯಾವ ದಿಬ್ಬದ ಹಿಂದೆ ಅಡಗಬಹುದು, ಎಲ್ಲ ಗೊತ್ತು. ಹುಲ್ಲಿನ ಬಣ್ಣ ನೋಡಿ ಎಲ್ಲಿದ್ದೇವೆ ಅಂತ ಹೇಳುವವರಿದ್ದಾರೆ. ಇಷ್ಟು ಚುರುಕಾದ ಕಣ್ಣು ಇರುವವರ ಮುಂದೆ ನಮ್ಮ ಊರುಗಳನ್ನೇ ಇಟ್ಟರೆ ಹೇಗೆ ಅನ್ನಿಸಿತು. ಆ ಯೋಚನೆ ಎರಡು ವರ್ಷಕ್ಕೂ ಜಾಸ್ತಿ ಮನಸ್ಸಿನಲ್ಲೇ ಇತ್ತು. ಕಳೆದ ರಾಜ್ಯೋತ್ಸವದ ರಾತ್ರಿ ಅದು ಸ್ಪರ್ಧೆಯಾಯಿತು. ಫೋಟೋ ನೋಡಿ ಊರು ಹೇಳುವ ಸ್ಪರ್ಧೆ. ಅದನ್ನು ಕಟ್ಟಿದ ಬಗೆಯನ್ನು ಬರೆದಿಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಜಿಯೋಗೆಸ್ಸರ್ ಅಂತ ಒಂದು ಆಟ ಇದೆಯಲ್ವಾ, ಅದನ್ನೇ ಆಡಬಹುದಿತ್ತು. ಸ್ವೀಡನ್‌ನವರೊಬ್ಬರು 2013ರಲ್ಲಿ ಶುರು ಮಾಡಿದ್ದು. ಗೂಗಲ್ ಕಾರು ಓಡಿಸಿ ತೆಗೆದ ರಸ್ತೆಗಳ ಸ್ಟ್ರೀಟ್ ವ್ಯೂ ಚಿತ್ರ ತೋರಿಸುತ್ತದೆ, ನೀವು ಮ್ಯಾಪ್ ಮೇಲೆ ಪಿನ್ ಇಡಬೇಕು. ಒಂದು ಸುತ್ತಿಗೆ 5000 ಅಂಕ, ಐದು ಸುತ್ತು. ನಾವೂ ಕೆಲವು ರಾತ್ರಿ ಆಡಿದ್ದೇವೆ. ತುಂಬಾ ಒಳ್ಳೆಯ ಆಟ. ಆದರೆ ನನಗೆ ಬೇಕಾಗಿದ್ದ ಊರುಗಳು ಅದರಲ್ಲಿ ಸಿಗುವುದು ಕಷ್ಟ. ಭಾರತದಲ್ಲಿ ಸ್ಟ್ರೀಟ್ ವ್ಯೂ ಬಂದಿದ್ದೇ ತಡ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಅಲ್ಲಿಗೇ ನಿಂತಿತ್ತು. 2022ರ ಜುಲೈನಲ್ಲಿ ಹತ್ತು ನಗರಗಳಿಂದ ಮತ್ತೆ ಶುರುವಾಯಿತು. ಮೇಲಾಗಿ ಕಾರಿನ ಮೇಲಿನ ಕ್ಯಾಮೆರಾ ರಸ್ತೆಯನ್ನು ನೋಡುತ್ತದೆ. ನನಗೆ ಹಿತ್ತಿಲು, ಅಟ್ಟ, ಗೋಡೆ, ಬಸ್ ಸ್ಟಾಪಿನ ಬೆಂಚು ಬೇಕಿತ್ತು. ಹಾಗಾಗಿ ನನ್ನದೇ ಫೋಟೋ ಅಂತ ತೀರ್ಮಾನ ಮಾಡಿದೆ.

ಫೋನಿನಲ್ಲಿ ಆರು ವರ್ಷದ ತಿರುಗಾಟದ ಫೋಟೋಗಳಿದ್ದವು. ಮೊದಲು ಆರಿಸಿದ್ದು 31. ಒಂದೊಂದನ್ನೂ ಫೋಟೋ ನೋಡಿ ಜಾಗ ಹುಡುಕಿ ಹೇಳುವ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿದೆ. ಊರು ಕಂಡುಹಿಡಿಯುವ ಕೆಲಸವನ್ನು ಮಷೀನು ಒಂದು ಸೆಕೆಂಡಿನಲ್ಲಿ ಮಾಡಿಬಿಟ್ಟರೆ ಮನುಷ್ಯರಿಗೆ ಏನು ಉಳಿಯಿತು? ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಮರವಂತೆ ಫೋಟೋ ನನಗೆ ಬಹಳ ಇಷ್ಟ. ಲೆನ್ಸ್ ಅದನ್ನು ತಕ್ಷಣ ಹೇಳಿತು. ಹಂಪಿಯ ಕಲ್ಲಿನ ರಥವಂತೂ ಐವತ್ತು ರೂಪಾಯಿ ನೋಟಿನ ಮೇಲೇ ಇದೆ. ಜೋಗ, ಯಾಣ, ಐಹೊಳೆಯ ದುರ್ಗದ ಗುಡಿ, ಎಲ್ಲ ಹೋಯಿತು. ಹೆಸರಾದ ಜಾಗಗಳೆಲ್ಲ ಹೋದ ಮೇಲೆ ಉಳಿದಿದ್ದು 12 ಫೋಟೋ.

ಇದಾದ ಮೇಲೆ ಇನ್ನೊಂದು ಪರೀಕ್ಷೆ ಇಟ್ಟೆ. ಫೋಟೋಗಳನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ತಿಪಟೂರು ಬಿಟ್ಟು ಹೋಗಿದ್ದು ಕಡಿಮೆ. ಊರು ಹೇಳು ಅಂತ ಕೇಳಲಿಲ್ಲ, ಏನು ಕಾಣ್ತಿದೆ ಹೇಳು ಅಂದೆ. ಒಂದು ಫೋಟೋ ನೋಡಿ, “ಹಸಿರು ಗುಡ್ಡ. ಇನ್ನೇನಿದೆ ಇದರಲ್ಲಿ?” ಅಂದರು. ಅದನ್ನು ತೆಗೆದುಹಾಕಿದೆ. ಇನ್ನೊಂದರಲ್ಲಿ ಅಂಗಳದ ಮೂಲೆಯಲ್ಲಿ ಬಿದ್ದಿದ್ದ ತಟ್ಟಿ, ಹಂಚಿನ ಮಾಡು, ಗೋಡೆಗೆ ಒರಗಿಸಿದ್ದ ದೋಟಿ, ಎಲ್ಲ ಒಂದೊಂದಾಗಿ ಹೇಳಿದರು. ಅದು ಉಳಿಯಿತು. ಒಳ್ಳೆಯ ಪ್ರಶ್ನೆ ಯಾವುದು ಅಂತ ನನಗೆ ಗೊತ್ತಾಗಿದ್ದು ಆವತ್ತು. ನೋಡಿದವರಿಗೆ ಆ ಜಾಗ ಮೊದಲೇ ಗೊತ್ತಿರಬೇಕಾಗಿಲ್ಲ. ನೋಡುತ್ತಾ ಹೋದರೆ ಊರು ತಾನಾಗಿ ಹತ್ತಿರ ಬರಬೇಕು.

ಸುಳಿವುಗಳನ್ನು ಎಲ್ಲೆಲ್ಲಿ ಬಿಡಬಹುದು ಅಂತಲೂ ಯೋಚಿಸಿದೆ. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಊರಿನ ಹೆಸರು ಮುಚ್ಚಿ ಬಣ್ಣ ಬಿಟ್ಟರೆ ಸಾಕು. ಗಾಡಿಯ ನಂಬರ್ ಪ್ಲೇಟಿನಲ್ಲಿ 19 ಅಂದರೆ ಮಂಗಳೂರು, 32 ಅಂದರೆ ಕಲಬುರಗಿ, ಇದು ಎಲ್ಲರಿಗೂ ಗೊತ್ತು, ಹಾಗಾಗಿ ಮುಚ್ಚಲೇಬೇಕು. ಆದರೆ ಸರ್ಕಾರಿ ಬಸ್ಸಿನ ನಂಬರ್ ಬಿಡಬಹುದು. ಎಫ್ ಅಕ್ಷರ ಇರುವ ಆ ನಂಬರ್ ಬಸ್ಸು ಎಲ್ಲಿ ನೋಂದಣಿಯಾಯಿತು ಅಂತ ಹೇಳುತ್ತದೆ, ಇವತ್ತು ಎಲ್ಲಿ ಓಡುತ್ತಿದೆ ಅಂತ ಹೇಳುವುದಿಲ್ಲ. ಹಂಚಿನ ಮಾಡು ಕಂಡರೆ ಎಲ್ಲರೂ ಕರಾವಳಿ ಅನ್ನುತ್ತಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ನಿಜ. ಆದರೆ ಆ ಹಂಚು ಘಟ್ಟ ಹತ್ತಿ ನಮ್ಮ ತಿಪಟೂರಿನ ಮನೆಗಳ ಮೇಲೂ ಕೂತಿದೆ.

ಅಂಕ ಕೊಡುವ ಲೆಕ್ಕಕ್ಕೆ ಒಂದು ವಾರ ಹಿಡಿಯಿತು. ಬೀದರಿನಿಂದ ಚಾಮರಾಜನಗರದವರೆಗೆ ಹಿಡಿದರೂ ನಮ್ಮ ರಾಜ್ಯ ಸಾವಿರ ಕಿಲೋಮೀಟರ್ ಇಲ್ಲ. ಹಾಗಾಗಿ ಪ್ರತಿ ಸುತ್ತಿಗೆ 1000 ಅಂಕ, ಪಿನ್ ಎಷ್ಟು ಕಿಲೋಮೀಟರ್ ದೂರ ಬಿತ್ತೋ ಅಷ್ಟು ಕಳೆಯುವುದು. ದೂರವನ್ನು ಅಕ್ಷಾಂಶ, ರೇಖಾಂಶದಿಂದ ಲೆಕ್ಕ ಹಾಕಲು ಶೀಟಿನಲ್ಲಿ ಸೂತ್ರ ಬರೆದೆ. ಮೊದಲ ಸಲ ಬೆಂಗಳೂರಿನಿಂದ ಮೈಸೂರಿಗೆ ಸಾವಿರಾರು ಕಿಲೋಮೀಟರ್ ಬಂತು. ಡಿಗ್ರಿಯನ್ನು ಸೂತ್ರಕ್ಕೆ ಬೇಕಾದ ರೇಡಿಯನ್‌ಗೆ ಬದಲಿಸಿರಲಿಲ್ಲ. ಸರಿ ಮಾಡಿದ ಮೇಲೆ ಸುಮಾರು 127 ಬಂತು. ರಸ್ತೆಯಲ್ಲಿ ಹೋದರೆ 145ರ ಹತ್ತಿರ, ಇದು ನೇರ ಗೆರೆ. ನೇರ ಗೆರೆ ಅನ್ನುವುದಕ್ಕೆ ಸಿರ್ಸಿ ತಕರಾರು ತೆಗೆದಳು. “ಘಟ್ಟ ಹತ್ತಿ ಇಳಿಯೋರಿಗೆ ಮಾತ್ರ ಗೊತ್ತು ದೂರ ಅಂದ್ರೆ ಏನು ಅಂತ” ಅಂದಳು. ಅವಳು ಹೇಳಿದ್ದು ಸರಿ. ಆದರೆ ರಸ್ತೆ ಹಿಡಿದು ಲೆಕ್ಕ ಹಾಕಲು ನನಗೆ ದಾರಿ ಇರಲಿಲ್ಲ.

ಇನ್ನೊಂದು ನಿಯಮದ ಬಗ್ಗೆ ನಾನು ಹಟ ಹಿಡಿದೆ. ಪಿನ್ ಜೊತೆ ಒಂದು ಸಾಲು ಕಾರಣ ಬರೆಯಬೇಕು. ಯಾಕೆ ಆ ಊರು ಅನ್ನಿಸಿತು? ಕಾರಣಕ್ಕೆ 300ರವರೆಗೆ ಅಂಕ. ಊರು ತಪ್ಪಾದರೂ ಕಾರಣ ಸರಿ ಇದ್ದರೆ ಅಂಕ ಸಿಗುತ್ತದೆ. ಅದನ್ನು ಕೊಡುವವನು ನಾನಲ್ಲ. ಆ ಸುತ್ತಿನಲ್ಲಿ ಯಾರ ಪಿನ್ ಎಲ್ಲರಿಗಿಂತ ಹತ್ತಿರ ಬಿದ್ದಿದೆಯೋ ಅವರು ಉಳಿದವರ ಕಾರಣಗಳಿಗೆ ಅಂಕ ಕೊಡಬೇಕು. ಹಾಸನಕ್ಕೆ ಇದು ಒಪ್ಪಿಗೆಯಾಗಲಿಲ್ಲ. “ಗೇಮ್ ಅಂದ್ಮೇಲೆ ಗುರಿ ಬಿತ್ತೋ ಇಲ್ವೋ ಅಷ್ಟೇ ಅಣ್ಣ, ಎಕ್ಸಾಮ್ ಥರ ಮಾಡ್ಬೇಡಿ” ಅಂದ. ಸರಿ, ಒಂದು ಟ್ರಯಲ್ ಮಾಡಿ ನೋಡೋಣ ಅಂದೆ.

ಸೆಪ್ಟೆಂಬರ್ ಕೊನೆಯಲ್ಲಿ ಟ್ರಯಲ್ ಆಯಿತು. ಆಡಿದ್ದು ಹಾಸನ, ಸಿರ್ಸಿ, ಕಲಬುರಗಿ ಮೂವರೇ. ಆರು ಫೋಟೋ. ಆಗುಂಬೆ ಕಡೆಯ ಒಂದು ಮನೆ, ಕಾರವಾರದ ದೋಣಿ, ಮೈಸೂರಿನ ಹಳೆಯ ಬೀದಿ, ಚಿಕ್ಕಮಗಳೂರಿನ ಕಾಫಿ ಕಣ, ಇಂಥವು. ಹಾಸನ ಗೆದ್ದ. ಕಲಬುರಗಿ ಎಲ್ಲರಿಗಿಂತ ಕೆಳಗೆ. ಅವನು ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವ ಹುಡುಗ. ಆಟದಲ್ಲಿ ನಮ್ಮೆಲ್ಲರಿಗಿಂತ ಒಳ್ಳೆಯ ಕಣ್ಣು ಅವನದು. ದೂರದ ಮರದ ಹಿಂದೆ ಅಲುಗಿದ ತಲೆಯನ್ನು ಮೊದಲು ಕಂಡು “240ರಾಗ ಒಬ್ಬ ಅದಾನ” ಅಂತ ದಿಕ್ಕಿನ ಡಿಗ್ರಿ ಹೇಳುವವನು ಅವನೇ. ಟ್ರಯಲ್ ಮುಗಿದು ಉಳಿದಿಬ್ಬರು ಹೋದ ಮೇಲೆ ಮೈಕ್ ಆನ್ ಮಾಡಿ ಮೆಲ್ಲಗೆ ಕೇಳಿದ.

“ಅಣ್ಣಾ, ನಿಮ್ ಕರ್ನಾಟಕದಾಗ ನಮ್ ಊರ್ ಇಲ್ಲೇನ್ರಿ?”

ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ. ಅದಕ್ಕೇ ಅದು ಜಾಸ್ತಿ ತಾಗಿತು. ನಾನು ಆ ರಾತ್ರಿ ಫೋಟೋಗಳನ್ನೆಲ್ಲ ಮತ್ತೆ ತೆರೆದು ನೋಡಿದೆ. ಆರು ವರ್ಷದ ತಿರುಗಾಟದಲ್ಲಿ ಹೆಚ್ಚಿನ ಸಲ ನಾನು ಪಶ್ಚಿಮಕ್ಕೇ ಹೋಗಿದ್ದೆ. ಮಳೆ, ಘಟ್ಟ, ಕಡಲು, ಕಾಫಿ. ಉತ್ತರಕ್ಕೆ ಹಂಪಿ, ಐಹೊಳೆ ದಾಟಿರಲಿಲ್ಲ. ವಿಜಯಪುರಕ್ಕೆ ಒಂದು ಸಲ ಮದುವೆಗೆ ಹೋಗಿದ್ದೆ ಅಷ್ಟೆ. ರಾಜ್ಯೋತ್ಸವದ ದಿನ ನಡೆಸುವ ಸ್ಪರ್ಧೆಯಲ್ಲಿ ಅರ್ಧ ರಾಜ್ಯವೇ ಇರಲಿಲ್ಲ.

ಅಕ್ಟೋಬರ್‌ನಲ್ಲಿ ಮೂರು ದಿನ ರಜೆ ಹಾಕಿ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದೆ. ಕಲಬುರಗಿಗೆ ಬರುತ್ತಿದ್ದೇನೆ ಅಂತ ಮಾತ್ರ ಅವನಿಗೆ ಹೇಳಿದೆ. “ಅಲ್ಲಿಂದ ಎಲ್ಲಿ ಹೊಂಟೀರಿ ಅಂತ ನನಗ ಹೇಳಬ್ಯಾಡ್ರಿ ಮತ್ತ. ಹೇಳಿದ್ರ ನಾ ಆಡಂಗಿಲ್ಲ” ಅಂದ. ಬೆಳಿಗ್ಗೆ ಸ್ಟೇಷನ್ನಿನ ಹೊರಗೆ ನಿಂತಿದ್ದ. ನಾಲ್ಕು ವರ್ಷ ದಿನಾ ರಾತ್ರಿ ಮಾತಾಡಿದವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಫೋಟೋದಲ್ಲೂ ನೋಡಿರಲಿಲ್ಲ. ಚಹಾ ಅಂಗಡಿಯ ಮುಂದೆ ಜನ ತುಂಬಾ ಇದ್ದರು. ಯಾರೋ “ಎರಡು ಚಾ ಕೊಡ್ರಿ” ಅಂದಿದ್ದು ಕೇಳಿ ತಿರುಗಿದೆ. ದನಿಯಿಂದಲೇ ಗುರುತು ಸಿಕ್ಕಿತು. ಅವರಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದರು. ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು, ಬಸ್ಸಿನ ಬೋರ್ಡ್ ಕಾಣಬಾರದು ಅಂತ ಗೇಟಿನಿಂದಲೇ ತಿರುಗಿ ಹೋದ.

ನಾನು ಬೀದರ್ ಬಸ್ ಹತ್ತಿದೆ. ಕಿಟಕಿಯ ಎರಡೂ ಕಡೆ ಎರೆ ಮಣ್ಣು, ಅದರ ಮೇಲೆ ಕಣ್ಣು ಹಾಯುವಷ್ಟು ದೂರ ತೊಗರಿ. ಅಲ್ಲಲ್ಲಿ ಹೊಲದ ಬದುವಿಗೆ ಚಪ್ಪಡಿ ಕಲ್ಲು ನಿಲ್ಲಿಸಿದ್ದರು. ಹುಮನಾಬಾದ್ ದಾಟಿ ಸ್ವಲ್ಪ ಹೊತ್ತಿಗೆ ಮಣ್ಣು ಕೆಂಪಾಯಿತು. ಮೊದಲು ನಾನು ಅಷ್ಟು ಗಮನ ಕೊಡಲಿಲ್ಲ. ಬೀದರ್ ಕೋಟೆಯ ಮುಂದೆ ಇಳಿದು, ಬಂಡೆಯಲ್ಲೇ ಕಡಿದಿರುವ ಕಂದಕದ ಹತ್ತಿರ ಹೋದಾಗ ನಿಂತುಬಿಟ್ಟೆ. ನನ್ನ ಮುಂದೆ ಇದ್ದಿದ್ದು ಮುರಕಲ್ಲು. ಕುಂದಾಪುರ, ಉಡುಪಿ ಕಡೆ ಮನೆ ಕಟ್ಟುವ ಅದೇ ಕಲ್ಲು. ಮೈ ತುಂಬಾ ತೂತು, ಜೇನುಗೂಡಿನ ಹಾಗೆ. ತೂತಿನ ಅಂಚು ಕಡು ಕೆಂಪು, ಒಳಗೆ ಹಳದಿ ಪುಡಿ. ಬೆರಳಿಟ್ಟು ತೆಗೆದರೆ ತುದಿಗೆ ಅರಿಶಿನ ಹತ್ತಿದಂತೆ ಕಾಣಿಸಿತು. ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ.

ಆಮೇಲೆ ಓದಿ ತಿಳಿದುಕೊಂಡೆ. ಬೀದರ್ ಪೂರ್ತಿ ಅಂಥ ಕಲ್ಲಿನ ಒಂದು ಎತ್ತರದ ಹಾಸಿನ ಮೇಲೆ ಕೂತಿದೆ. ಕೆಳಗೆ ಬಸಾಲ್ಟ್ ಅನ್ನುವ ಕಪ್ಪು ಕಲ್ಲು, ಮೇಲೆ ಈ ಕೆಂಪು ಕಲ್ಲಿನ ಟೋಪಿ. ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕಲ್ಲು ಸವೆದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿದ್ದಕ್ಕೆ ಆ ಬಣ್ಣ. ಮಳೆನೀರು ತೂತಿನ ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕಲ್ಲು ಸಿಕ್ಕ ಕಡೆ ನಿಲ್ಲುತ್ತದೆ. ಆ ನೀರನ್ನು ಹಿಡಿದು ಊರಿಗೆ ತರಲು ಬಹಮನಿಗಳ ಕಾಲದಲ್ಲಿ ನೆಲದ ಒಳಗೆ ಸುರಂಗ ತೋಡಿದ್ದರು, ಅದೇ ಬೀದರಿನ ಕರೇಜ್. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟಿದ್ದು ದಕ್ಷಿಣ ಭಾರತ ಸುತ್ತಿ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಮಲಬಾರಿನಲ್ಲಿ ಜನ ಅದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಮಾಡಿದ ಹೆಸರು. ನಮ್ಮ ಕನ್ನಡದ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ. ಇದು ಗೊತ್ತಾದಾಗ ತುಂಬಾ ಖುಷಿಯಾಯಿತು.

ಕೋಟೆಯ ಬಾಗಿಲು, ಕಮಾನು ಯಾವುದೂ ಬೇಡ ಅಂದುಕೊಂಡೆ. ಗೋಡೆಯ ಒಂದು ತುಂಡು, ಅದರ ಬುಡದಲ್ಲಿ ಒಂದು ಸೀತಾಫಲದ ಗಿಡ. ಅಷ್ಟನ್ನೇ ಫೋಟೋ ತೆಗೆದೆ. ಬಿಸಿಲು ಓರೆಯಾಗಿ ಬೀಳಲಿ ಅಂತ ಸಂಜೆ ನಾಲ್ಕೂವರೆವರೆಗೆ ಕಾದೆ.

ರಾಜ್ಯೋತ್ಸವದ ರಾತ್ರಿ ಒಂಬತ್ತಕ್ಕೆ ಶುರು. ದುಬೈಯಲ್ಲಿ ಆಗ ಏಳೂವರೆ. ನಾನು ನಡೆಸುವವನು, ಉಳಿದ ಹದಿಮೂರೂ ಜನ ಆಡುವವರು. ಹತ್ತು ಸುತ್ತು, ಪ್ರತಿ ಸುತ್ತಿಗೆ 90 ಸೆಕೆಂಡ್. ಪಿನ್ ಮತ್ತು ಕಾರಣ ನನಗೆ ಖಾಸಗಿಯಾಗಿ ಕಳಿಸಬೇಕು. ಫೋಟೋದ ಫೈಲಿನಲ್ಲಿ ಜಾಗದ ವಿವರ ಅಡಗಿರುತ್ತದೆ ಅಂತ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು ಇಟ್ಟಿದ್ದೆ. ಊರಿನ ಹೆಸರು ಟೈಪ್ ಮಾಡುವಂತಿಲ್ಲ, ಪಿನ್ ಮಾತ್ರ. ಇದು ಟ್ರಯಲ್‌ನಲ್ಲಿ ಕಲಿತಿದ್ದು. ಕೊಪ್ಪ ಅಂತ ಬರೆದರೆ ಚಿಕ್ಕಮಗಳೂರು ಜಿಲ್ಲೆಯದೋ ಮದ್ದೂರಿನದೋ ಅಂತ ಜಗಳ ಆಗಿತ್ತು.

ಮೊದಲ ಸುತ್ತು ಶಬ್ದ. ಮದುವೆಗೆ ಹೋದಾಗ ಗೋಳಗುಮ್ಮಟದ ಮೇಲಿನ ಸುತ್ತುಮೊಗಸಾಲೆಯಲ್ಲಿ ರೆಕಾರ್ಡ್ ಮಾಡಿದ್ದು. ಮಗುವೊಂದು ಕೂಗುತ್ತದೆ, ಕೂಗು ಮತ್ತೆ ಮತ್ತೆ ವಾಪಸ್ ಬರುತ್ತದೆ. ಐದು ಸೆಕೆಂಡಿಗೆ ಎಲ್ಲರ ಪಿನ್ ಬಂತು. ಎಲ್ಲರೂ ಒಟ್ಟಿಗೆ ಗೆಲ್ಲಲಿ ಅಂತಲೇ ಅದನ್ನು ಮೊದಲು ಇಟ್ಟಿದ್ದೆ. ಎರಡನೆಯದು ನಮ್ಮ ಮನೆಯದೇ ಅಟ್ಟ. ಕೆಳಗಿನಿಂದ ಮೇಲೆ ನೋಡಿದರೆ ದಬ್ಬೆಗಳ ಸಂದಿಯಲ್ಲಿ ತೆಂಗಿನಕಾಯಿ. ಹತ್ತು ಹನ್ನೆರಡು ತಿಂಗಳು ಹಾಗೇ ಬಿಟ್ಟು ಉಂಡೆ ಕೊಬ್ಬರಿ ಮಾಡುವ ಅಟ್ಟ. ಹಲವರು ಕರಾವಳಿ ಅಂದರು. ದುಬೈ ಮಾತ್ರ ಬರೆದಿದ್ದರು, “ಕರಾವಳಿಯಲ್ಲಿ ಇಷ್ಟು ತಿಂಗಳು ಕಾಯಿ ಅಟ್ಟದಲ್ಲಿಟ್ಟರೆ ತೇವಕ್ಕೆ ಮೊಳಕೆ ಬರುತ್ತದೆ, ಇದು ಒಣ ಸೀಮೆ.” ಪಿನ್ ತಿಪಟೂರಿನ ಹತ್ತಿರವೇ ಇತ್ತು. ಅವರ ಅಂದಾಜು ಶಾಸ್ತ್ರಕ್ಕೆ ಎಷ್ಟು ಸರಿ ಅಂತ ನಾನು ನೋಡಲಿಲ್ಲ. ತೆಂಗಿನಕಾಯಿಯ ಬಗ್ಗೆ ಹೊಸಪೇಟೆಯವರೊಬ್ಬರು ದುಬೈಯಲ್ಲಿ ಕೂತು ಇಷ್ಟು ಯೋಚಿಸಿದ್ದೇ ನನಗೆ ಸಾಕಾಗಿತ್ತು.

ಬಾಹುಬಲಿಯ ಸುತ್ತಿನಲ್ಲಿ ಹಾಸನ ಎಡವಿದ. ಫೋಟೋದಲ್ಲಿ ಮೂರ್ತಿಯ ಭುಜ, ತೋಳಿಗೆ ಸುತ್ತಿದ ಬಳ್ಳಿ, ಹಿಂದೆ ಆಕಾಶ ಅಷ್ಟೇ. ತನ್ನ ಜಿಲ್ಲೆಯದಲ್ವಾ, ಕ್ಷಣವೂ ಯೋಚಿಸದೆ ಶ್ರವಣಬೆಳಗೊಳದಲ್ಲಿ ಪಿನ್ ಇಟ್ಟ. ಆದರೆ ನಮ್ಮಲ್ಲಿ ದೊಡ್ಡ ಬಾಹುಬಲಿಗಳು ನಾಲ್ಕು. ಶ್ರವಣಬೆಳಗೊಳದ್ದು 57 ಅಡಿ, ಕಾರ್ಕಳದ್ದು 42, ಧರ್ಮಸ್ಥಳದ್ದು 39, ವೇಣೂರಿನದು 35. ಪಕ್ಕದಲ್ಲಿ ಮನುಷ್ಯ ನಿಲ್ಲದಿದ್ದರೆ ಎತ್ತರ ಗೊತ್ತಾಗುವುದಿಲ್ಲ. ನನ್ನ ಫೋಟೋ ಕಾರ್ಕಳದ್ದು, 1432ರಲ್ಲಿ ನಿಲ್ಲಿಸಿದ ಮೂರ್ತಿ. ಪಿನ್ ಸುಮಾರು 166 ಕಿಲೋಮೀಟರ್ ತಪ್ಪಿತು. ಹಾಸನ ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಫೋಟೋವನ್ನು ಇನ್ನೊಮ್ಮೆ ತೋರಿಸಿ ಅಂದ. ನೋಡಿದ. “ಬೆಳಗೊಳದಲ್ಲಿ ಸುತ್ತಲೂ ಮಂಟಪ ಇರ್ತದೆ. ಕೆಳಗಿನ ಅಂಚಲ್ಲಿ ಅದು ಸ್ವಲ್ಪನಾದ್ರೂ ಕಾಣ್ಬೇಕಿತ್ತು. ಇಲ್ಲಿ ಬರೀ ಆಕಾಶ. ನಾನು ನೋಡ್ಲೇ ಇಲ್ಲ ಅಣ್ಣ” ಅಂದ. ಕಾರಣದ ಅಂಕ ಬೇಡ ಅಂತ ವಾದ ಮಾಡಿದವನು ಅವನೇ. ಮುಂದಿನ ಸುತ್ತಿನಿಂದ ಎಲ್ಲರಿಗಿಂತ ಉದ್ದದ ಕಾರಣ ಅವನದು.

ಆರನೆಯ ಸುತ್ತು ಮತ್ತೆ ಶಬ್ದ. ಟಕ್, ಟಕ್ ಅಂತ ಬಿಡದೆ ಬರುವ ಸದ್ದು, ಮಧ್ಯೆ ಹೆಂಗಸರ ಮಾತು, ಒಂದು ನಗು. ಮಾತು ಕೇಳಿಸದ ಹಾಗೆ ದೂರದಿಂದ ರೆಕಾರ್ಡ್ ಮಾಡಿದ್ದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಸದ್ದು ಅದು ಅಂತ ಮಲೆನಾಡಿನವರಿಗೆಲ್ಲ ಗೊತ್ತಾಗುತ್ತದೆ. ಸಿರ್ಸಿ ಅಲ್ಲಿಗೆ ನಿಲ್ಲಲಿಲ್ಲ. ಅವಳು ಬರೆದಿದ್ದನ್ನು ಹಾಗೇ ಕೊಡುತ್ತೇನೆ. “ಇದು ಹಸಿ ಅಡಿಕೆ. ಒಣಗಿಸಿದ್ದಾದರೆ ಸಿಪ್ಪೆ ಚರ್ ಅಂತ ಸೀಳುತ್ತದೆ, ಇದು ಮೆತ್ತಗೆ ಕೊಯ್ದ ಸದ್ದು. ದಕ್ಷಿಣ ಕನ್ನಡದಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ, ಅಲ್ಲಿಯದಲ್ಲ. ನಮ್ಮಲ್ಲಿ ಎರಡೂ ಇದೆ. ಬರೀ ಕೆಂಪಡಿಕೆ ಮಾಡುವವರ ಮನೆಯಲ್ಲಿ ಇಷ್ಟು ಜನ ಕೂತು ಸುಲಿಯುತ್ತಾರೆ. ನಮ್ಮೂರಿಗಿಂತ ಸ್ವಲ್ಪ ಕೆಳಗೆ ಹೋಗುತ್ತೇನೆ.” ಪಿನ್ ಸಾಗರದಲ್ಲಿತ್ತು. ಸರಿಯಾದ ಉತ್ತರ ತೀರ್ಥಹಳ್ಳಿ, 58 ಕಿಲೋಮೀಟರ್ ವ್ಯತ್ಯಾಸ. ತೊಂಬತ್ತು ಸೆಕೆಂಡಿನಲ್ಲಿ ಅಷ್ಟನ್ನು ಯೋಚಿಸಿ, ಟೈಪ್ ಮಾಡಿ, ಪಿನ್ ಇಟ್ಟಿದ್ದಳು. ನಾನು ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಚಾನೆಲ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಎಂಟನೆಯದು ಆ ಕೆಂಪು ಗೋಡೆ.

ಪಿನ್‌ಗಳು ಒಂದೊಂದಾಗಿ ಬಂದವು. ಉಡುಪಿ. ಮಂಗಳೂರು. ಕುಮಟಾ. ಮತ್ತೆ ಉಡುಪಿ. ಭಟ್ಕಳ. ಹತ್ತು ಪಿನ್ ಕಡಲ ದಂಡೆಯ ಉದ್ದಕ್ಕೂ ಸಾಲಾಗಿ ನಿಂತವು. ಮುರಕಲ್ಲು ಅಂದಮೇಲೆ ಕರಾವಳಿ, ಇನ್ನೇನು? ಉಡುಪಿಯಲ್ಲಿ ಪಿನ್ ಇಟ್ಟವರು ಸುಮಾರು 590 ಕಿಲೋಮೀಟರ್ ತಪ್ಪಿದ್ದರು. ಹುಬ್ಬಳ್ಳಿ ಗೋವಾ ಗಡಿಯ ಹತ್ತಿರ ಇಟ್ಟಿದ್ದ.

ಕುಂದಾಪುರ ಅಕ್ಕ ಹೈಸ್ಕೂಲ್ ಟೀಚರ್. ಮುರಕಲ್ಲಿನ ಮನೆಯಲ್ಲೇ ಹುಟ್ಟಿ ಬೆಳೆದವರು. ಅವರ ಪಿನ್ ಉಡುಪಿಯಲ್ಲೋ ಕುಂದಾಪುರದಲ್ಲೋ ಇರುತ್ತದೆ ಅಂದುಕೊಂಡಿದ್ದೆ. ಬೆಳಗಾವಿಯಲ್ಲಿತ್ತು. ಕಾರಣ ಓದಿದೆ. “ಇದ್ ನಮ್ ಬದಿ ಮುರ್ಕಲ್ಲ್ ಅಲ್ಲ ಮಾರಾಯ್ರೆ. ನಮ್ಮಲ್ಲಿ ಮಳೆಗಾಲ ಕಳೆದ ಗೋಡೆ ಕಪ್ಪಾಗಿರುತ್ತದೆ. ತೂತಿನಲ್ಲೆಲ್ಲ ಪಾಚಿ, ಸಣ್ಣ ಸಣ್ಣ ಜರಿಗಿಡ. ಈ ಗೋಡೆಗೆ ಪಾಚಿಯ ಗುರುತೇ ಇಲ್ಲ. ಬುಡದಲ್ಲಿ ಸೀತಾಫಲ. ಕಲ್ಲು ನಮ್ಮದೇ, ಮಳೆ ನಮ್ಮದಲ್ಲ. ಘಟ್ಟದ ಮೇಲೆ ಕೆಂಪು ಕಲ್ಲು ಇರುವುದು ಬೆಳಗಾವಿ ಕಡೆ ಅಂತ ಕೇಳಿದ್ದೇನೆ.” ಬೆಳಗಾವಿಯಿಂದ ಬೀದರಿಗೆ ನೇರ ಗೆರೆಯಲ್ಲಿ 390 ಕಿಲೋಮೀಟರ್ ಮೇಲಾಗುತ್ತದೆ. ಉತ್ತರ ತಪ್ಪು. ಆದರೆ ಬೀದರ್ ಎಂಬ ಊರನ್ನು ನೋಡದೆಯೇ ಅವರು ಅದರ ಗೋಡೆಯನ್ನು ಸರಿಯಾಗಿ ನೋಡಿದ್ದರು. ನಾನು ಆ ಗೋಡೆಯ ಮುಂದೆ ಒಂದು ಗಂಟೆ ನಿಂತಿದ್ದೆ, ಪಾಚಿ ಇಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ಓದಿದ್ದು ಕಲಬುರಗಿಯದು. ಅವನ ಪಿನ್ ಬೀದರ್ ಕೋಟೆಯ ಒಳಗೇ ಇತ್ತು. ಕಾರಣ ಒಂದೇ ಸಾಲು.

“ಸಾಲಿ ಟ್ರಿಪ್ಪಿಗೆ ಹೋದಾಗ ಈ ಕಲ್ಲಿನ ತೂತಿನಾಗ ನಾ ಬಳಪ ಬಚ್ಚಿಟ್ಟಿದ್ದೆ.”

ಚಾನೆಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕುಂದಾಪುರ ಅಕ್ಕ ಕೇಳಿದರು, “ತಮ್ಮಾ, ನಿಮ್ಮಲ್ಲೂ ಮುರಕಲ್ಲು ಇದೆಯಾ? ನನಗೆ ಗೊತ್ತೇ ಇರಲಿಲ್ಲ.” ಅವನು ಹೇಳತೊಡಗಿದ. ಕಂದಕದ ಬಗ್ಗೆ, ಕರೇಜ್ ಬಗ್ಗೆ, ಹುಮನಾಬಾದ್ ದಾಟಿದ ಮೇಲೆ ಮಣ್ಣು ಕೆಂಪಾಗುವ ಬಗ್ಗೆ. ಆಟದಲ್ಲಿ ಡಿಗ್ರಿ ಬಿಟ್ಟು ಬೇರೇನೂ ಹೇಳದವನು ಇಪ್ಪತ್ತು ನಿಮಿಷ ಮಾತಾಡಿದ. ನಾನು ಟೈಮರ್ ನಿಲ್ಲಿಸಿ ಇಟ್ಟೆ. ನಿಯಮದ ಪ್ರಕಾರ ಆ ಸುತ್ತಿನ ಕಾರಣಗಳಿಗೆ ಅಂಕ ಕೊಡಬೇಕಾದವನು ಅವನೇ. ಅಕ್ಕನಿಗೆ ಪೂರ್ತಿ 300 ಕೊಟ್ಟ.

ಕೊನೆಯ ಎರಡು ಸುತ್ತು ಬೇಗ ಮುಗಿದವು. ಒಟ್ಟು ಲೆಕ್ಕದಲ್ಲಿ ಕುಂದಾಪುರ ಅಕ್ಕ ಮೊದಲು, ಸಿರ್ಸಿ ಎರಡನೆಯವಳು, ಕಲಬುರಗಿ ನಾಲ್ಕನೆಯವನು. ಬರೀ ದೂರದ ಲೆಕ್ಕ ಹಿಡಿದಿದ್ದರೆ ಹಾಸನ ಗೆಲ್ಲುತ್ತಿದ್ದ. ಅದನ್ನೂ ಶೀಟಿನಲ್ಲಿ ಎಲ್ಲರಿಗೂ ತೋರಿಸಿದೆ. ಹಾಸನವೇ ಮೊದಲು ಹೇಳಿದ, ಅಕ್ಕ ಗೆದ್ದಿದ್ದೇ ಸರಿ ಅಂತ. ಬಹುಮಾನ ಯುಸಿ, ಅಂದರೆ ಆಟದೊಳಗಿನ ಹಣ, ಅಂತ ಮೊದಲೇ ಹೇಳಿದ್ದೆ. ಅಕ್ಕ ಬೇಡ ಅಂದರು. “ಯುಸಿ ನಾಳೆ ಖರ್ಚಾಗಿ ಹೋಗ್ತದೆ. ತಿಪಟೂರು ತಿಂದು ಬಂದ ಆ ರೊಟ್ಟಿ, ಹಿಂಡಿ ನಂಗೆ ಕಳಿಸ್ತೀಯಾ ತಮ್ಮಾ?”

ಹತ್ತು ದಿನ ಬಿಟ್ಟು ಅಕ್ಕನ ಫೋಟೋ ಬಂತು. ಪಾರ್ಸೆಲ್ ಬಿಚ್ಚಿ ರೊಟ್ಟಿಗಳನ್ನು ಮನೆಯ ಹಿಂದಿನ ಕಟ್ಟೆಯ ಮೇಲೆ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿದ್ದರು. ತೆಳ್ಳಗಿನ ಖಡಕ್ ರೊಟ್ಟಿ, ಅಂಚಿನಲ್ಲಿ ಎಳ್ಳು. ತಟ್ಟೆಯ ಕೆಳಗಿನ ಮುರಕಲ್ಲು ಕಪ್ಪಾಗಿತ್ತು, ಒಂದೊಂದು ತೂತಿನಲ್ಲೂ ಹಸಿರು ಪಾಚಿ, ಮೂಲೆಯಲ್ಲಿ ಬೆರಳುದ್ದದ ಒಂದು ಜರಿಗಿಡ. ಕೆಳಗೆ ಅವರು ಏನೂ ಬರೆದಿರಲಿಲ್ಲ.

ಒಂದು ನಿಮಿಷದಲ್ಲಿ ಕಲಬುರಗಿಯಿಂದ ಒಂದು ಪಿನ್ ಬಂತು, ಕುಂದಾಪುರದಲ್ಲಿ. ಅದರ ಜೊತೆ ಕಾರಣವೂ ಇತ್ತು. “ಮಳಿ.”